ದೋಣಿ ಏಳುತ್ತಿಲ್ಲ: ಫ್ಯಾನ್ ಬದಲಿಸುವುದೋ, ಇಂಜಿನ್ ಎತ್ತರಿಸುವುದೋ, ದೊಡ್ಡ ಇಂಜಿನ್ನೇ ತರುವುದೋ?

"ಅಣ್ಣ, ದೋಣಿ ಏಳುದೇ ಇಲ್ಲ. ಸ್ಟೀಲ್ ಫ್ಯಾನ್ ಹಾಕುದಾ, ಅಲ್ದಾ 25ರ ಇಂಜಿನ್ನೇ ತಕಂಬುದಾ?"

ಕೇಳಿದವನು ಗಂಗೊಳ್ಳಿ ಕಡೆಯ ಹುಡುಗ. ಫೈಬರ್ ನಾಡದೋಣಿ, ಹಿಂದೆ 15 ಎಚ್‌ಪಿಯ ಎರಡು-ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್, ಕಂತಬಲೆ ಹಾಕಿ ಮೀನು ಹಿಡಿಯುವ ಕೆಲಸ. ಅದೇ ವಾರ ಹೊನ್ನಾವರದಲ್ಲಿ ಶರಾವತಿಯ ಮೇಲೆ ಪ್ರವಾಸಿಗರನ್ನು ಸುತ್ತಿಸುವವರೊಬ್ಬರು ಇದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಿದರು. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಜನ ಒಯ್ಯುವ ಬೋಟಿನ ತಾಂಡೇಲರಿಗಂತೂ, ಅಂದರೆ ಬೋಟ್ ನಡೆಸುವವರಿಗೆ, ನಾಲ್ಕು ಎಸಳಿನ ಫ್ಯಾನ್ ಬೇಕೇ ಬೇಕು ಅನಿಸಿಬಿಟ್ಟಿತ್ತು. ಮೂವರಿಗೂ ಇದ್ದ ಉತ್ತರ ಬೇರೆ ಬೇರೆ. ಅಂಗಡಿಯಲ್ಲಿ ಸಿಗುತ್ತಿದ್ದ ಉತ್ತರ ಮಾತ್ರ ಒಂದೇ: ಇನ್ನೂ ದೊಡ್ಡದು ತಗೊಳ್ಳಿ. ಆ ಹುಡುಗನಿಗೆ ಎದುರು ಕುಳಿತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕರಾವಳಿಯಲ್ಲಿ ಪ್ರೊಪೆಲ್ಲರಿಗೆ ಫ್ಯಾನ್ ಎಂದೇ ಹೆಸರು. ನಾನೂ ಹಾಗೇ ಕರೆಯುತ್ತೇನೆ. ದೋಣಿ ಏಳುವುದೆಂದರೆ ವೇಗ ಹಿಡಿದು, ಮೈ ಎತ್ತಿ ನೀರಿನ ಮೇಲೆ ಓಡುವುದು.

ಮೊದಲು ಐದು ಪ್ರಶ್ನೆ

ಯಾವುದನ್ನು ಕೊಳ್ಳಬೇಕು ಎನ್ನುವ ಮೊದಲು ಇವಕ್ಕೆ ಉತ್ತರ ಬರೆದಿಟ್ಟುಕೊಳ್ಳಿ.

ದೋಣಿ ಹೆಚ್ಚು ಹೊತ್ತು ಯಾವ ಭಾರದಲ್ಲಿ ಓಡುತ್ತದೆ? ಖಾಲಿ ದೋಣಿಯಲ್ಲಿ ಒಬ್ಬನೇ ಕುಳಿತು ನೋಡಿದ ವೇಗ ಲೆಕ್ಕಕ್ಕಿಲ್ಲ. ಬಲೆ, ಐಸ್ ಪೆಟ್ಟಿಗೆ, ನಾಲ್ಕು ಜನ, ಎಣ್ಣೆಯ (ಪೆಟ್ರೋಲಿನ) ಕ್ಯಾನು ಎಲ್ಲ ಹಾಕಿಕೊಂಡು ನೋಡಬೇಕು.

ಆ ಭಾರದಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಇಂಜಿನ್ ಎಷ್ಟು ಆರ್‌ಪಿಎಂ ತಲುಪುತ್ತದೆ? ಆರ್‌ಪಿಎಂ ಅಂದರೆ ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು. ಇಡೀ ವಿಷಯದ ಬೇರು ಇದೇ.

ಯಾವ ನೀರು? ತೆರೆ ಒಡೆಯುವ ಅಳಿವೆಯನ್ನು, ಅಂದರೆ ಹೊಳೆ ಸಮುದ್ರ ಸೇರುವ ಬಾಯಿಯನ್ನು, ದಿನಾ ದಾಟಬೇಕೋ, ಹೊಳೆಯ ಒಳಗೇ ಓಡಾಟವೋ? ಅಡಿಯಲ್ಲಿ ಮರಳೋ, ಕಲ್ಲೋ?

ಬೇಕಾಗಿರುವುದು ವೇಗವೋ ಎಳೆತವೋ? ಎರಡೂ ಒಟ್ಟಿಗೆ ಸಿಗುವುದು ಅಪರೂಪ.

ಕೊನೆಯದು ದುಡ್ಡು. ಕೊಳ್ಳುವ ದುಡ್ಡಷ್ಟೇ ಅಲ್ಲ, ಕೆಟ್ಟಾಗ ಊರಲ್ಲೇ ರಿಪೇರಿ ಆಗುತ್ತದೋ, ಬಿಡಿಭಾಗಕ್ಕೆ ವಾರ ಕಾಯಬೇಕೋ ಎಂಬುದೂ ಸೇರಿ.

ಆರ್‌ಪಿಎಂ ಅಳೆಯದೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ

ಪ್ರತಿ ಇಂಜಿನ್ನಿಗೂ ತಯಾರಕರು ಪೂರ್ತಿ ಆಕ್ಸಿಲರೇಟರಿನಲ್ಲಿ ಇರಬೇಕಾದ ಆರ್‌ಪಿಎಂ ಮಿತಿ ಕೊಟ್ಟಿರುತ್ತಾರೆ. ನಮ್ಮಲ್ಲಿ ಬಳಕೆಯಲ್ಲಿರುವ ಎರಡು-ಸ್ಟ್ರೋಕ್ ಇಂಜಿನ್ನುಗಳಲ್ಲಿ ಅದು ಸಾಮಾನ್ಯವಾಗಿ 4,500ರಿಂದ 5,500. ನಾಲ್ಕು-ಸ್ಟ್ರೋಕ್‌ಗಳಲ್ಲಿ ಬಹಳಷ್ಟಕ್ಕೆ 5,000ದಿಂದ 6,000. ನಿಮ್ಮ ಇಂಜಿನ್ನಿನ ಪುಸ್ತಕದಲ್ಲಿರುವುದೇ ಕೊನೆಯ ಮಾತು.

ಪೂರ್ತಿ ಕೊಟ್ಟರೂ ಕೆಳಗಿನ ಮಿತಿ ಮುಟ್ಟದಿದ್ದರೆ ಇಂಜಿನ್ ಏದುಸಿರು ಬಿಡುತ್ತಿದೆ ಎಂದರ್ಥ. ನಾಲ್ಕನೇ ಗೇರಿನಲ್ಲಿ ಆಗುಂಬೆ ಘಾಟಿ ಹತ್ತುವ ಲಾರಿಯ ಹಾಗೆ. ಕಾರ್ಬನ್ ಕಟ್ಟುತ್ತದೆ, ಪಿಸ್ಟನ್ ಬಿಸಿಯಾಗುತ್ತದೆ, ಎಣ್ಣೆ ಉರಿಯುತ್ತದೆ, ದೋಣಿ ಮಾತ್ರ ಏಳುವುದಿಲ್ಲ. ಮೇಲಿನ ಮಿತಿಯನ್ನು ದಾಟಿ ಕಿರುಚುತ್ತಿದ್ದರೆ ಫ್ಯಾನ್ ಇಂಜಿನ್ನಿಗೆ ಹಗುರಾಯಿತು ಅಥವಾ ನೀರಿನ ಮೇಲಿನ ಗಾಳಿ ನುಂಗುತ್ತಿದೆ.

ಸಣ್ಣ ಇಂಜಿನ್ನುಗಳಲ್ಲಿ ಮೀಟರ್ ಇರುವುದಿಲ್ಲ. ಸ್ಪಾರ್ಕ್ ಪ್ಲಗ್ಗಿನ ತಂತಿಗೆ ನಾಲ್ಕು ಸುತ್ತು ಸುತ್ತಿ ಕಟ್ಟುವ ಪುಟ್ಟ ಮೀಟರ್ ಸಿಗುತ್ತದೆ. ಬೆಲೆ ಹೆಚ್ಚಿಲ್ಲ. ಇಂಜಿನ್ನಿನ ಮಾದರಿಗೆ ತಕ್ಕಂತೆ ಅದರ ಸೆಟ್ಟಿಂಗ್ ಸರಿಯಾಗಿರಲಿ, ಇಲ್ಲದಿದ್ದರೆ ಅರ್ಧವನ್ನೋ ಇಮ್ಮಡಿಯನ್ನೋ ತೋರಿಸಿ ತಲೆ ಕೆಡಿಸುತ್ತದೆ. ವೇಗಕ್ಕೆ ಮೊಬೈಲಿನ ಜಿಪಿಎಸ್ ಸಾಕು. ಹೊಳೆಯಲ್ಲಿ ಅಳೆಯುವಾಗ ಸೆಳೆತದ ಜತೆಗೊಮ್ಮೆ, ಎದುರಿಗೊಮ್ಮೆ ಓಡಿಸಿ ಸರಾಸರಿ ತೆಗೆಯಿರಿ. ಇಳಿತದ ಹೊತ್ತಿನಲ್ಲಿ ಅಳಿವೆಯ ಕಡೆ ಓಡಿಸಿ "ಹೊಸ ಫ್ಯಾನ್ ಎಂಥಾ ಓಟ ಮಾರಾಯ" ಎಂದು ಖುಷಿಪಟ್ಟವರನ್ನು ಕಂಡಿದ್ದೇನೆ.

ಇನ್ನೊಂದು ಲೆಕ್ಕ ಕೈಯಲ್ಲಿರಲಿ. ಇಂಜಿನ್ ಆರ್‌ಪಿಎಂ ಅನ್ನು ಗೇರ್ ಅನುಪಾತದಿಂದ ಭಾಗಿಸಿ, ಫ್ಯಾನಿನ ಪಿಚ್ಚಿನಿಂದ ಗುಣಿಸಿ, ಬಂದದ್ದನ್ನು 0.001524ರಿಂದ ಗುಣಿಸಿ. ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. ಗೇರ್ ಅನುಪಾತ ಅಂದರೆ ಫ್ಯಾನ್ ಒಂದು ಸುತ್ತು ತಿರುಗಲು ಇಂಜಿನ್ ತಿರುಗಬೇಕಾದ ಸುತ್ತು. ಪಿಚ್ ಅಂದರೆ ಫ್ಯಾನ್ ಒಂದು ಸುತ್ತು ತಿರುಗಿದಾಗ, ಮರದೊಳಗೆ ಸ್ಕ್ರೂ ಇಳಿದ ಹಾಗೆ ಮುಂದೆ ಹೋಗಬೇಕಾದ ದೂರ, ಇಂಚಿನಲ್ಲಿ. 5,000 ಆರ್‌ಪಿಎಂ, ಗೇರ್ 2, ಪಿಚ್ 12 ಇದ್ದರೆ ಸುಮಾರು 45.7 ಕಿಲೋಮೀಟರ್ ಬರುತ್ತದೆ. ನೀರು ಮರವಲ್ಲವಲ್ಲ, ಜಾರುತ್ತದೆ. ಜಿಪಿಎಸ್ 32 ತೋರಿಸಿದರೆ ಜಾರಿಕೆ ನೂರಕ್ಕೆ 30. ಹಗುರಾದ, ನೀರಿನ ಮೇಲೆದ್ದು ಓಡುವ ಬೋಟಿಗೆ 10ರಿಂದ 20 ಸಹಜ. ಭಾರ ಹೊತ್ತು ನೀರು ಸೀಳಿಕೊಂಡು ಹೋಗುವ ದೋಣಿಗೆ 40–50 ಬಂದರೂ ಗಾಬರಿಯಿಲ್ಲ.

ಈಗ ಆಯ್ಕೆಗಳು, ಖರ್ಚು ಕಡಿಮೆಯಿರುವಲ್ಲಿಂದ.

ತಿಕ್ಕಿ ತೊಳೆಯುವುದು, ಭಾರ ಸರಿಸುವುದು

ಇದನ್ನು ಆಯ್ಕೆ ಎಂದು ಯಾರೂ ಎಣಿಸುವುದಿಲ್ಲ, ಯಾಕೆಂದರೆ ಇದರಲ್ಲಿ ಮಾರುವುದಕ್ಕೆ ಏನೂ ಇಲ್ಲ. ಹೊಳೆಯಲ್ಲೇ ಕಟ್ಟಿಟ್ಟ ದೋಣಿಯ ಅಡಿಗೆ ಚಿಪ್ಪು ಹತ್ತಿದರೆ ಇಂಜಿನ್ನಿನ ಶಕ್ತಿಯನ್ನು ಅದೇ ತಿನ್ನುತ್ತದೆ. ಫ್ಯಾನಿನ ಎಸಳಿನ ಮೇಲೆ ನಾಲ್ಕು ಚಿಪ್ಪಿದ್ದರೂ ಸಾಕು, ಹಿಡಿತ ಹೋಗುತ್ತದೆ. ಅಂಚು ಮಡಚಿದ ಫ್ಯಾನಿದ್ದರೆ ಮೊದಲು ಅದನ್ನು ಸರಿಮಾಡಿಸಿ.

ಇಂಜಿನ್ನನ್ನೂ ನೋಡಿ. ಎರಡು ಸಿಲಿಂಡರಿನಲ್ಲಿ ಒಂದು ಅರೆಬರೆ ಉರಿಯುತ್ತಿದ್ದರೆ ಯಾವ ಫ್ಯಾನ್ ಹಾಕಿದರೂ ಅಷ್ಟೇ. ಪ್ಲಗ್ ಬಿಚ್ಚಿದರೆ ತಿಳಿಯುತ್ತದೆ: ಒಂದು ಕಂದು ಬಣ್ಣಕ್ಕಿದ್ದು ಇನ್ನೊಂದು ಕಪ್ಪಗೆ ಒದ್ದೆಯಾಗಿದ್ದರೆ ಕಾಯಿಲೆ ಅಲ್ಲೇ ಇದೆ.

ಭಾರದ ಮಾತು. ಇಂಜಿನ್ ಹಿಂದೆ, ಎಣ್ಣೆ ಕ್ಯಾನ್ ಹಿಂದೆ, ನಡೆಸುವವನೂ ಹಿಂದೆ. ಹೀಗಿರುವಾಗ ಮೂತಿ ಆಕಾಶ ನೋಡದೆ ಇನ್ನೇನು? ಕ್ಯಾನನ್ನು ಉದ್ದನೆಯ ಪೈಪು ಕೊಟ್ಟು ನಡುವಿಗೆ ತಂದಿಡಿ, ಐಸ್ ಪೆಟ್ಟಿಗೆಯನ್ನು ಎರಡಡಿ ಮುಂದೆ ತಳ್ಳಿ. ಗಂಗೊಳ್ಳಿಯ ಹುಡುಗನ ದೋಣಿ ಅಡಿ ತಿಕ್ಕಿ, ಕ್ಯಾನ್ ಮುಂದಿಟ್ಟ ಮೇಲೆಯೇ 4,400ರಿಂದ 4,550ಕ್ಕೆ ಬಂತು. ಖರ್ಚು ಮೂರು ಮೀಟರ್ ಪೈಪಿನದು.

ಇಂಜಿನ್ನಿನ ಎತ್ತರ: ಇಲ್ಲೇ ಸ್ವಲ್ಪ ನಿಲ್ಲೋಣ

ಫ್ಯಾನಿನ ಮೇಲೆ ಅಗಲವಾದ ಒಂದು ತಟ್ಟೆ ಇದೆಯಲ್ಲ, ಮೆಕ್ಯಾನಿಕ್ಕುಗಳು ಅದನ್ನು ಕ್ಯಾವಿಟೇಶನ್ ಪ್ಲೇಟ್ ಅನ್ನುತ್ತಾರೆ. ಹೆಸರು ತಪ್ಪು, ಬಳಕೆಯಲ್ಲಿ ನಿಂತಿದೆ. ಅದರ ಕೆಲಸ ಮೇಲಿನ ಗಾಳಿ ಫ್ಯಾನಿಗೆ ಇಳಿಯದಂತೆ ತಡೆಯುವುದು. ಕ್ಯಾವಿಟೇಶನ್ ಬೇರೆಯದು, ಎಸಳಿನ ಬೆನ್ನಿನಲ್ಲಿ ಒತ್ತಡ ಬಿದ್ದುಹೋಗಿ ನೀರೇ ಆವಿಯಾಗಿ ಗುಳ್ಳೆಗಟ್ಟಿ ಒಡೆಯುವುದು. ಲೋಹದ ಮೇಲೆ ಸಿಡುಬಿನ ಕಲೆಯಂತೆ ಗುಳಿ ಬಿದ್ದಿದ್ದರೆ ಅದು. ನಮ್ಮ ದೋಣಿಗಳಲ್ಲಿ ಹತ್ತಕ್ಕೆ ಒಂಬತ್ತು ಸಲ ಆಗುವುದು ಗಾಳಿ ನುಂಗುವುದೇ.

ಈ ತಟ್ಟೆ ದೋಣಿಯ ತಳದ ಮಟ್ಟಕ್ಕೋ, ಅದಕ್ಕಿಂತ ಒಂದು ಇಂಚಿನೊಳಗೆ ಕೆಳಗೋ ಇರಬೇಕು. ನೇರ ಪಟ್ಟಿಯೊಂದನ್ನು ತಳಕ್ಕೆ ಒತ್ತಿ ಹಿಂದಕ್ಕೆ ಚಾಚಿ ನೋಡಿದರೆ ಗೊತ್ತಾಗುತ್ತದೆ. ನಮ್ಮಲ್ಲಿ ಎರಡು ಅಡಿ ಅಗಲದ ಹಿಂಬದಿ ಹಲಗೆಗೆ ಕಣ್ಣಂದಾಜಿನಲ್ಲಿ ಇಂಜಿನ್ ಕೂರಿಸುವುದು ರೂಢಿ. ನಾನು ಅಳೆದ ದೋಣಿಗಳಲ್ಲಿ ಮೂರು-ನಾಲ್ಕು ಇಂಚು ಆಳಕ್ಕೆ ಇಳಿದ ಇಂಜಿನ್ನುಗಳೇ ಹೆಚ್ಚು. ಕಾರಣ ಸರಳ. ಔಟ್‌ಬೋರ್ಡಿನ ಕಾಲು ಮೂರು ಅಳತೆಯಲ್ಲಿ ಬರುತ್ತದೆ: ಗಿಡ್ಡ 15 ಇಂಚು, ಉದ್ದ 20, ಇನ್ನೂ ಉದ್ದ 25. ಹಲಗೆಯ ಎತ್ತರ 17 ಇಂಚಿದ್ದು ಉದ್ದ ಕಾಲಿನ ಇಂಜಿನ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಮೂರು ಇಂಚು ಆಳ ಗ್ಯಾರಂಟಿ. ನೀರಿನಲ್ಲಿ ಎಳೆದುಕೊಂಡು ಹೋಗುವ ಆ ಕಂಬಕ್ಕೆ ನೀವು ದಿನಾ ಪೆಟ್ರೋಲ್ ಸುರಿಯುತ್ತೀರಿ.

ಪರಿಹಾರ ಹಲಗೆಯ ಮೇಲೆ ಗಟ್ಟಿ ಮರದ ತುಂಡು ಇಟ್ಟು ಎತ್ತರಿಸುವುದು. ಸ್ಕ್ರೂ ಕ್ಲಾಂಪಿನ ಇಂಜಿನ್ನಾದರೆ ಅರ್ಧ ಗಂಟೆಯ ಕೆಲಸ. ಅರ್ಧ ಇಂಚಿನ ಲೆಕ್ಕದಲ್ಲಿ ಏರಿಸುತ್ತ ಹೋಗಿ, ಪ್ರತಿ ಸಲ ತಿರುವಿನಲ್ಲಿ ಓಡಿಸಿ ನೋಡಿ. ಇಂಜಿನ್ ಹಠಾತ್ತನೆ ಕಿರುಚಿ ದೋಣಿ ಮಲಗಿದರೆ ಅರ್ಧ ಇಂಚು ಇಳಿಸಿ. ತಂಪಿನ ನೀರು ಹಿಂದಿನ ತೂತಿನಿಂದ ಸರಿಯಾಗಿ ಚಿಮ್ಮುತ್ತಿದೆಯೋ ಎಂದು ಪ್ರತಿ ಸಲ ನೋಡಲೇಬೇಕು. ನೀರು ಹೀರುವ ಬಾಯಿ ಮೇಲೆ ಬಂದುಬಿಟ್ಟರೆ ಉಳಿಸಿದ ಎಣ್ಣೆಯ ಹತ್ತು ಪಟ್ಟು ಇಂಜಿನ್ ತಿನ್ನುತ್ತದೆ. ನೀರಿಗೆ ಇಳಿಯುವ ಮೊದಲು ಕ್ಲಾಂಪ್ ಬಿಗಿದು, ಇಂಜಿನ್ನಿಗೆ ಸರಪಣಿ ಹಾಕಲು ಮರೆಯಬೇಡಿ. ಸಮುದ್ರದ ತಳದಲ್ಲಿ ಎಷ್ಟು ಇಂಜಿನ್ನಿದೆಯೋ.

ಆದರೆ ಹೊಳೆಯಲ್ಲಿ ಸರಿಯಾದದ್ದು ಅಳಿವೆಯಲ್ಲಿ ಸರಿಯಾಗಲಿಕ್ಕಿಲ್ಲ. ಹೊನ್ನಾವರದವರ ಬೋಟಿಗೆ ತಟ್ಟೆಯನ್ನು ತಳದ ಮಟ್ಟಕ್ಕೇ ತಂದುಕೊಟ್ಟೆ. ಸಮನೀರು, ತೆರೆಯಿಲ್ಲ, ಮರಳುದಿಬ್ಬ ಬೇಕಾದಷ್ಟು, ಹಾಗಾಗಿ ಫ್ಯಾನ್ ಮೇಲಿದ್ದಷ್ಟು ಒಳ್ಳೆಯದು. ಗಂಗೊಳ್ಳಿಯವನಿಗೆ ಹಾಗೆ ಮಾಡಲಿಲ್ಲ. ಅಳಿವೆಯ ಬಾಗಿಲಿನಲ್ಲಿ ತೆರೆ ದೋಣಿಯ ಹಿಂಬದಿಯನ್ನು ಎತ್ತಿದಾಗ ಫ್ಯಾನ್ ಒಂದು ಕ್ಷಣ ಗಾಳಿಗೆ ಬಂದರೆ ದೋಣಿ ತಿರುಗಿ ತೆರೆಗೆ ಅಡ್ಡ ಬೀಳುತ್ತದೆ. ಆಮೇಲೆ ಯಾರೂ ಲೀಟರಿನ ಲೆಕ್ಕ ಹಾಕುವುದಿಲ್ಲ. ಅವನ ತಟ್ಟೆ ಇನ್ನೂ ಒಂದೂಕಾಲು ಇಂಚು ಕೆಳಗಿದೆ. ಮೊದಲು ಮೂರೂವರೆ ಇತ್ತು.

ಇಂಜಿನ್ನಿನ ಓರೆ

ಹಲಗೆ ಮತ್ತು ಇಂಜಿನ್ನಿನ ನಡುವೆ ಒಂದು ಕಡ್ಡಿ, ಅದಕ್ಕೆ ನಾಲ್ಕೈದು ತೂತು. ಕೊಂಡ ದಿನದಿಂದ ಆ ಕಡ್ಡಿಯನ್ನು ಮುಟ್ಟದವರೇ ಜಾಸ್ತಿ. ಒಳಗಿನ ತೂತಿಗೆ ಹಾಕಿದರೆ ಮೂತಿ ಇಳಿಯುತ್ತದೆ, ಹೊರಗಿನದಕ್ಕೆ ಹಾಕಿದರೆ ಏಳುತ್ತದೆ. ಓಡುವಾಗ ತಟ್ಟೆ ನೀರಿಗೆ ಸಮಾನಾಂತರ ಇರಬೇಕು, ಅಷ್ಟೇ ಗುರಿ. ಮೂತಿ ಕುದುರೆಯಂತೆ ಕುಣಿದರೆ ಒಂದು ತೂತು ಒಳಗೆ. ಮೂತಿ ನೀರು ಉಳುತ್ತ ಹ್ಯಾಂಡಲ್ ಭಾರವಾದರೆ ಒಂದು ತೂತು ಹೊರಗೆ. ಖರ್ಚಿಲ್ಲ, ಹತ್ತು ನಿಮಿಷ. ತೆರೆಯನ್ನು ಹಿಂದಿನಿಂದ ತೆಗೆದುಕೊಂಡು ಅಳಿವೆ ಹೊಗುವವರು ಮೂತಿ ತೀರ ಕೆಳಗಿರುವಂತೆ ಇಡಬಾರದು. ಎದುರಿನ ತೆರೆಯ ಬೆನ್ನಿಗೆ ಮೂತಿ ಚುಚ್ಚಿದರೆ ಕಷ್ಟ.

ಫ್ಯಾನ್: ಪಿಚ್ ಮೊದಲು, ಉಳಿದದ್ದು ಆಮೇಲೆ

ಫ್ಯಾನಿನ ಮೇಲೆ 9¼ × 9¾ ಎಂಬಂಥ ಅಂಕಿ ಕೊರೆದಿರುತ್ತದೆ. ಮೊದಲನೆಯದು ಅಗಲ, ಎರಡನೆಯದು ಪಿಚ್. ಪಿಚ್ ಒಂದು ಇಂಚು ಇಳಿಸಿದರೆ ಆರ್‌ಪಿಎಂ ಸುಮಾರು 150ರಿಂದ 200 ಏರುತ್ತದೆ. ಏರಿಸಿದರೆ ಅಷ್ಟೇ ಇಳಿಯುತ್ತದೆ. ಇಷ್ಟು ಗೊತ್ತಿದ್ದರೆ ಅಂಗಡಿಯವನ ಮಾತು ಬೇಕಾಗುವುದಿಲ್ಲ.

ಹುಡುಗನ ಇಂಜಿನ್ ಭಾರದಲ್ಲಿ 4,550ರಲ್ಲಿತ್ತು. ಮಿತಿಯ ಅಂಚಿಗೆ ಬಂದಿದೆ, ಆದರೆ ನಡುವಿಗೆ ಬರಬೇಕು. 9¾ರ ಜಾಗಕ್ಕೆ 8 ಪಿಚ್ಚಿನ ಅಲ್ಯೂಮಿನಿಯಂ ಫ್ಯಾನ್ ಹಾಕಿದೆವು. 4,900 ಬಂತು. ಬಲೆ ತುಂಬಿದ ದೋಣಿಯ ವೇಗ ಗಂಟೆಗೆ 14 ಕಿಲೋಮೀಟರಿನಿಂದ ಹದಿನೈದೂವರೆಗೆ ಏರಿತು. ಪಿಚ್ ಇಳಿಸಿ ವೇಗ ಏರಿದ್ದು ಅವನಿಗೆ ಮಾಟದ ಹಾಗೆ ಕಂಡಿತು. ಮಾಟವೇನಿಲ್ಲ. ದೊಡ್ಡ ಪಿಚ್ ಕಾಗದದ ಮೇಲೆ ಹೆಚ್ಚು ಓಡುತ್ತದೆ, ಇಂಜಿನ್ ಅದನ್ನು ತಿರುಗಿಸಲಾರದೆ ಸೋತರೆ ಜಾರಿಕೆ ಮಾತ್ರ ಉಳಿಯುತ್ತದೆ.

ಇದಕ್ಕೆ ತೆರುವ ಬೆಲೆಯೂ ಇದೆ. ಮೀನಿಲ್ಲದ ದಿನ ಖಾಲಿ ಬರುವಾಗ ಅದೇ 8ರ ಫ್ಯಾನ್ ಪೂರ್ತಿ ಕೊಟ್ಟರೆ 5,500ರ ಗೆರೆ ದಾಟುತ್ತದೆ. ಕೈ ಸಡಿಲಿಸಿ ಓಡಿಸಬೇಕು. ಖಾಲಿ ಓಡುವುದೇ ಹೆಚ್ಚು, ಭಾರ ಅಪರೂಪ ಎನ್ನುವ ಗಾಳ ಹಾಕುವವರಿಗೆ ಇಷ್ಟು ಇಳಿಸುವುದು ಬೇಡ, ಒಂದು ಇಂಚು ಸಾಕು. ಬಂಗುಡೆ, ಬೂತಾಯಿ ಸಿಕ್ಕಿದ ದಿನ ತುಂಬಿಕೊಂಡು ಬರುವವರಿಗೆ ಇಳಿಸಿದ್ದೇ ಸರಿ.

ಅಗಲ ಬದಲಿಸುವುದು ಸಣ್ಣ ಇಂಜಿನ್ನುಗಳಲ್ಲಿ ಕಷ್ಟ, ತಟ್ಟೆಯ ಕೆಳಗೆ ಜಾಗವೇ ಇರುವುದಿಲ್ಲ. ನಿಧಾನಕ್ಕೆ ಭಾರ ಎಳೆಯುವವರಿಗೆ ಅಗಲದ ಫ್ಯಾನೇ ಒಳ್ಳೆಯದು. ಅದಕ್ಕೆಂದೇ 9.9 ಎಚ್‌ಪಿಯಲ್ಲಿ ಹೈ ಥ್ರಸ್ಟ್, ಅಂದರೆ ಹೆಚ್ಚು ನೂಕುವ, ಮಾದರಿಗಳಿವೆ. ಯಮಹಾದ ಅಂಥ ಮಾದರಿಯಲ್ಲಿ ಗೇರ್ ಅನುಪಾತ 2.92, ಅದೇ ಕಂಪನಿಯ ಸಾಮಾನ್ಯ 9.9ರಲ್ಲಿ 2.08. ಫ್ಯಾನ್ ನಿಧಾನ ತಿರುಗುತ್ತದೆ, ಅಗಲವಾಗಿರುತ್ತದೆ, ಎಮ್ಮೆಯಂತೆ ಎಳೆಯುತ್ತದೆ. ವೇಗ ಕೇಳಬೇಡಿ.

ನಾಲ್ಕು ಎಸಳು ಬೇಕೆ? ಮೂರು ಎಸಳಿನದು ಮೇಲಿನ ವೇಗಕ್ಕೆ, ನಾಲ್ಕರದ್ದು ಹಿಡಿತಕ್ಕೆ. ನೀರಿನ ಮೇಲೆ ಏಳುವುದು ಬೇಗ, ತಿರುವಿನಲ್ಲಿ ಮತ್ತು ತೆರೆಯಲ್ಲಿ ಜಾರುವುದು ಕಡಿಮೆ, ನಡುಕವೂ ಕಡಿಮೆ. ಕಳೆದುಕೊಳ್ಳುವುದು ಗಂಟೆಗೆ ಒಂದೆರಡು ಕಿಲೋಮೀಟರ್. ಎಸಳು ಹೆಚ್ಚಿದರೆ ಆರ್‌ಪಿಎಂ ಇಳಿಯುತ್ತದೆ, ಆದ್ದರಿಂದ ಪಿಚ್ ಒಂದು ಇಂಚು ಕಡಿಮೆಯದನ್ನೇ ಕೊಳ್ಳಬೇಕು. ನೇತ್ರಾಣಿಯ ತಾಂಡೇಲರ ಊಹೆ ಸರಿಯಿತ್ತು. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ತೆರೆದ ಸಮುದ್ರ, ಹತ್ತು ಜನ, ಗಾಳಿಯ ಸಿಲಿಂಡರುಗಳ ಭಾರ. ಮಧ್ಯಾಹ್ನ ಗಾಳಿ ಎದ್ದ ಮೇಲೆ ಮರಳುವಾಗ ಮೂರು ಎಸಳಿನ ಫ್ಯಾನ್ ಪದೇ ಪದೇ ಗಾಳಿ ನುಂಗುತ್ತಿತ್ತು. ಅವರಿಗೆ ನಾಲ್ಕು ಎಸಳು ದುಡ್ಡಿಗೆ ತಕ್ಕ ಮಾಲು. ಹೊನ್ನಾವರದ ಸಮನೀರಿಗೆ ಅದು ದಂಡ.

ಅಲ್ಯೂಮಿನಿಯಂ, ಸ್ಟೀಲ್ ಜಗಳ

ಸ್ಟೀಲ್ ಫ್ಯಾನಿನ ಎಸಳು ತೆಳ್ಳಗಿರುತ್ತದೆ, ಬಾಗುವುದಿಲ್ಲ, ಹೊಳೆಯುತ್ತದೆ. ಮೇಲ್ಮಟ್ಟದ ವೇಗದಲ್ಲಿ ಖಂಡಿತ ಲಾಭ ಕೊಡುತ್ತದೆ. ಆದರೆ ಆ ಲಾಭ ತೆಗೆದುಕೊಳ್ಳಲು ಬೋಟ್ ಆ ವೇಗದಲ್ಲಿ ಓಡಬೇಕಲ್ಲ? ಗಂಟೆಗೆ 15 ಕಿಲೋಮೀಟರಿನ ನಾಡದೋಣಿಗೆ ಅಲ್ಯೂಮಿನಿಯಮ್ಮಿನ ಹಲವು ಪಟ್ಟು ದುಡ್ಡು ಕೊಟ್ಟು ಸ್ಟೀಲ್ ಹಾಕಿದರೆ ಸಿಗುವುದು ಹೊಳಪು ಮಾತ್ರ.

ಇನ್ನೊಂದು ಕಾರಣವನ್ನು ನಾನು ದುಡ್ಡು ಕೊಟ್ಟು ಕಲಿತೆ. ವರ್ಷಗಳ ಹಿಂದೆ ನನ್ನದೇ ಸಣ್ಣ ಬೋಟಿಗೆ ಆಸೆಪಟ್ಟು ಸ್ಟೀಲ್ ಹಾಕಿದ್ದೆ. ಇಳಿತದಲ್ಲಿ ಹೊಳೆಯ ಮುರಕಲ್ಲಿನ ದಿಣ್ಣೆಗೆ ಬಡಿಯಿತು. ಫ್ಯಾನಿಗೆ ಗೀರೂ ಬೀಳಲಿಲ್ಲ. ಶಾಫ್ಟ್ ಬಾಗಿ ಗೇರ್ ಹಲ್ಲು ಉದುರಿತ್ತು. ನಡುವೆ ರಬ್ಬರ್ ಬುಶ್ ಇದ್ದರೂ ಆ ಪೆಟ್ಟನ್ನು ಅದು ತಾಳಲಿಲ್ಲ. ಅಲ್ಯೂಮಿನಿಯಂ ಆಗಿದ್ದರೆ ಒಂದು ಎಸಳು ಮಡಚಿ ಪೆಟ್ಟನ್ನು ತಾನೇ ನುಂಗುತ್ತಿತ್ತು. ಕಲ್ಲಿರುವ ಹೊಳೆಯಲ್ಲಿ ಫ್ಯಾನ್ ಸಾಯಬೇಕು, ಗೇರ್ ಉಳಿಯಬೇಕು. ಹಾಗಾಗಿ ಸ್ಟೀಲ್ ಎಂದರೆ ನನ್ನ ಲೆಕ್ಕದಲ್ಲಿ 40 ಎಚ್‌ಪಿ ಮೇಲಿನ, ಆಳದ ನೀರಿನಲ್ಲಿ, ದಿನಾ ದೂರ ಓಡುವ ಬೋಟಿಗೆ. ನೇತ್ರಾಣಿಯ ಬೋಟಿಗೆ ಹೌದು. ಮಿಕ್ಕಿಬ್ಬರಿಗೆ ಬೇಡ.

ತಟ್ಟೆಗೆ ಎರಡು ಕಡೆ ರೆಕ್ಕೆ ಹಾಗೆ ಬೋಲ್ಟ್ ಮಾಡುವ ಪ್ಲಾಸ್ಟಿಕ್ಕಿನ ಫಿನ್ ಆನ್‌ಲೈನಿನಲ್ಲಿ ಸಿಗುತ್ತದೆ. ಹಿಂಬದಿಯನ್ನು ಎತ್ತಿ ಮೂತಿ ಇಳಿಸುವುದು ನಿಜ. ಆದರೆ ಭಾರ ಮುಂದೆ ಸರಿಸಿ, ಕಡ್ಡಿ ಬದಲಿಸಿ, ಪಿಚ್ ಸರಿಮಾಡಿದ ಮೇಲೆ ಅದಕ್ಕೆ ಉಳಿಯುವ ಕೆಲಸ ಅಲ್ಪ. ಜತೆಗೆ ಬಲೆ ಸಿಕ್ಕಿಹಾಕಿಕೊಳ್ಳಲು ಇನ್ನೊಂದು ಕೊಂಡಿ. ಮೀನುಗಾರರಿಗೆ ಖಂಡಿತ ಬೇಡ.

ಹಾಗಾದರೆ ದೊಡ್ಡ ಇಂಜಿನ್ ಯಾವಾಗ?

ಮೇಲಿನದೆಲ್ಲ ಮಾಡಿ, ಆರ್‌ಪಿಎಂ ಮಿತಿಯ ನಡುವೆ ಬಂದು, ಆಮೇಲೂ ಸಾಲದು ಅನಿಸಿದರೆ ಮಾತ್ರ. ಅದಕ್ಕೂ ಮೊದಲು ದೋಣಿಯ ಆಕಾರ ನೋಡಿ. ಗುಂಡು ತಳದ, ನೀರು ಸೀಳಿಕೊಂಡು ಹೋಗುವ ದೋಣಿಗೆ ಅದರ ಉದ್ದವೇ ವೇಗದ ಮಿತಿ ಹಾಕುತ್ತದೆ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ನಾಟ್‌ಗಳಲ್ಲಿ ಆ ಮಿತಿ ಸಿಗುತ್ತದೆ. 25 ಅಡಿಗೆ 6.7 ನಾಟ್, ಅಂದರೆ ಗಂಟೆಗೆ ಸುಮಾರು ಹನ್ನೆರಡೂವರೆ ಕಿಲೋಮೀಟರ್. ನಮ್ಮ ಸಪೂರ ದೋಣಿಗಳು ಇದನ್ನು ಸ್ವಲ್ಪ ದಾಟುತ್ತವೆ. ದಾಟಿದ ಮೇಲೆ ಏರುವ ವೇಗದ ಪ್ರತಿ ಕಿಲೋಮೀಟರಿಗೂ ದುಪ್ಪಟ್ಟು ಅನಿಸುವಷ್ಟು ಎಣ್ಣೆ ಕೇಳುತ್ತದೆ. ಚಪ್ಪಟೆ ಅಥವಾ ವಿ ಆಕಾರದ ತಳದ ಬೋಟ್ ನೀರಿನ ಮೇಲೆ ಏಳುವಂಥದ್ದಾದರೆ ಮಾತ್ರ ಹೆಚ್ಚಿನ ಎಚ್‌ಪಿ ವೇಗವಾಗಿ ಮಾರ್ಪಡುತ್ತದೆ.

ಎಣ್ಣೆಯ ಅಂದಾಜು: ನಾಲ್ಕು-ಸ್ಟ್ರೋಕ್ ಪೆಟ್ರೋಲ್ ಇಂಜಿನ್ ಪೂರ್ತಿ ಓಟದಲ್ಲಿ ಪ್ರತಿ 10 ಎಚ್‌ಪಿಗೆ ಗಂಟೆಗೆ ಮೂರೂವರೆಯಿಂದ ನಾಲ್ಕು ಲೀಟರ್ ಕುಡಿಯುತ್ತದೆ. ಕಾರ್ಬುರೇಟರಿನ ಎರಡು-ಸ್ಟ್ರೋಕ್ ಇನ್ನೂ ಹೆಚ್ಚು. 15ರಿಂದ 25ಕ್ಕೆ ಹೋದರೆ ತಿಂಗಳ ಲೆಕ್ಕ ಎಲ್ಲಿಗೆ ಹೋಗುತ್ತದೆಂದು ನೀವೇ ಗುಣಿಸಿ. ತೂಕವೂ ಇದೆ. ಯಮಹಾದ 15ರ ಎರಡು-ಸ್ಟ್ರೋಕ್ 36 ಕಿಲೋದ ಆಸುಪಾಸು, ಅದೇ 15ರ ನಾಲ್ಕು-ಸ್ಟ್ರೋಕ್ 50 ದಾಟುತ್ತದೆ. ದಿನಾ ಬಿಚ್ಚಿ ಹೆಗಲ ಮೇಲೆ ಮನೆಗೆ ಹೊರುವವರಿಗೆ ಆ 15 ಕಿಲೋ ಸಣ್ಣದಲ್ಲ. ಬದಲಿಗೆ ನಾಲ್ಕು-ಸ್ಟ್ರೋಕ್ ಎಣ್ಣೆ ಉಳಿಸುತ್ತದೆ, ಆಯಿಲ್ ಬೆರೆಸುವ ಗೊಡವೆಯಿಲ್ಲ, ಪ್ರವಾಸಿಗರ ಕಿವಿಗೂ ಹಿತ. ಹೊನ್ನಾವರದವರಿಗೆ ಇಂಜಿನ್ ಬದಲಿಸುವ ದಿನ ಬಂದಾಗ ಅದನ್ನೇ ತಗೊಳ್ಳಿ ಅಂದಿದ್ದೇನೆ. ಶಕ್ತಿ ಮಾತ್ರ ಈಗಿರುವಷ್ಟೇ.

ಮೀನುಗಾರರು ನೆನಪಿಡಬೇಕಾದ ಇನ್ನೊಂದು ಸಂಗತಿ ಕಾನೂನಿನದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ನಮ್ಮ ರಾಜ್ಯ ವಿನಾಯಿತಿ ಕೊಡುವುದು 10 ಎಚ್‌ಪಿವರೆಗಿನ ಇಂಜಿನ್ನಿನ ನಾಡದೋಣಿಗಳಿಗೆ. 15 ಇರಲಿ, 25 ಇರಲಿ, 10 ದಾಟಿದವನ ಮಳೆಗಾಲದ ದುಡಿಮೆ ಅಲ್ಲಿಗೆ ನಿಂತಿತು. ಮಳೆಗಾಲವೇ ನಿಮ್ಮ ಸುಗ್ಗಿಯಾಗಿದ್ದರೆ 9.9 ಇಟ್ಟುಕೊಂಡು ಅದನ್ನು ಸರಿಯಾಗಿ ಕೂರಿಸುವುದೇ ಲಾಭ. ಕೆಲವು ಕಂಪನಿಗಳ ಎರಡು-ಸ್ಟ್ರೋಕಿನಲ್ಲಿ 9.9 ಮತ್ತು 15 ಒಂದೇ ಬ್ಲಾಕಿನವು. ಕಾರ್ಬುರೇಟರ್ ಬದಲಿಸಿ "15 ಮಾಡಿಕೊಡ್ತೇನೆ" ಎನ್ನುವವರಿದ್ದಾರೆ. ಇಂಜಿನ್ನಿನ ಮೇಲೆ ಬರೆದ ಅಂಕಿ 9.9 ಎಂದೇ ಇದ್ದರೂ ವಿಮೆ, ಪರವಾನಗಿ ಎರಡಕ್ಕೂ ಅದು ತೂತು.

ಸೀಮೆಎಣ್ಣೆಯ ಇಂಜಿನ್ ಇಟ್ಟುಕೊಂಡವರ ಲೆಕ್ಕ ಬೇರೆ. ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಈ ಇಂಜಿನ್ನುಗಳಲ್ಲಿ ಸಿಲಿಂಡರಿನೊಳಗಿನ ಒತ್ತಡದ ಪ್ರಮಾಣ ಕಡಿಮೆ ಇಟ್ಟಿರುತ್ತಾರೆ, ಇಲ್ಲದಿದ್ದರೆ ಸೀಮೆಎಣ್ಣೆ ತಾನಾಗಿ ಹೊತ್ತಿಕೊಂಡು ಇಂಜಿನ್ ಬಡಿಯುತ್ತದೆ. ಅಷ್ಟರಮಟ್ಟಿಗೆ ಶಕ್ತಿಯೂ ಕಡಿಮೆ. ಅದೇ ಅಳತೆಯ ಪೆಟ್ರೋಲ್ ಇಂಜಿನ್ನಿನ ಫ್ಯಾನನ್ನು ಇದಕ್ಕೆ ಹಾಕಿದರೆ ಭಾರವಾಗುವುದು ಅದಕ್ಕೇ. ಒಂದು ಇಂಚು ಕಡಿಮೆ ಪಿಚ್ಚಿನಿಂದ ಶುರುಮಾಡಿ. 2023ರ ರಾಜ್ಯ ಬಜೆಟ್ಟಿನಲ್ಲಿ ಸೀಮೆಎಣ್ಣೆ ಇಂಜಿನ್ ಬದಲಿಸಿಕೊಳ್ಳುವವರಿಗೆ ನೆರವು ಘೋಷಣೆಯಾಗಿತ್ತು. ಹೊಸದು ಕೊಳ್ಳುವ ಯೋಚನೆಯಿದ್ದರೆ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಈಗಿನ ಸ್ಥಿತಿ ವಿಚಾರಿಸಿಯೇ ಅಂಗಡಿಗೆ ಹೋಗಿ.

ನಿಮ್ಮ ಜೇಬಿನಲ್ಲಿ ಎಷ್ಟಿದೆ?

ಏನೂ ಇಲ್ಲದಿದ್ದರೆ: ಅಡಿ ತಿಕ್ಕಿ, ಭಾರ ಸರಿಸಿ, ಕಡ್ಡಿಯ ತೂತು ಬದಲಿಸಿ, ಮರದ ತುಂಡು ಇಟ್ಟು ಎತ್ತರ ಹೊಂದಿಸಿ. ಒಂದು ಭಾನುವಾರ ಬೇಕು.

ಒಂದು ಫ್ಯಾನಿನಷ್ಟು ಇದ್ದರೆ ಅಲ್ಯೂಮಿನಿಯಮ್ಮಿನದು, ಆರ್‌ಪಿಎಂ ಹೇಳಿದ ಪಿಚ್ಚಿನದು. ಕೊಳ್ಳುವ ಮೊದಲು ಪಕ್ಕದ ದೋಣಿಯವರ ಫ್ಯಾನನ್ನು ಒಂದು ದಿನ ಎರವಲು ತಂದು ಹಾಕಿ ನೋಡಿ. ಒಂದೇ ಕಂಪನಿಯ, ಒಂದೇ ಅಳತೆಯ ಇಂಜಿನ್ನುಗಳು ಒಂದೇ ಬಂದರಿನಲ್ಲಿ ಹತ್ತಿಪ್ಪತ್ತಿರುವುದು ನಮ್ಮ ದೊಡ್ಡ ಸವಲತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎತ್ತರವನ್ನೂ ಪಿಚ್ಚನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ದೇವರಿಗೇ ಗೊತ್ತು.

ಸ್ಟೀಲ್ ಫ್ಯಾನಿನಷ್ಟು ದುಡ್ಡಿದ್ದೂ ನಿಮ್ಮದು 20 ಎಚ್‌ಪಿಗಿಂತ ಕೆಳಗಿದ್ದರೆ ಆ ದುಡ್ಡಿಗೆ ಎರಡು ಅಲ್ಯೂಮಿನಿಯಂ ಫ್ಯಾನ್ ತಗೊಳ್ಳಿ: ಭಾರದ ದಿನಕ್ಕೊಂದು, ಖಾಲಿ ದಿನಕ್ಕೊಂದು. ಉಳಿದದ್ದರಲ್ಲಿ ತಂಪಿನ ಪಂಪಿನ ಇಂಪೆಲ್ಲರ್, ಇಂಜಿನ್ನಿನ ಬದಲು ತಾನು ಸವೆಯುವ ಸತುವಿನ ಆನೋಡ್ ಬದಲಿಸಿ. ಉಪ್ಪುನೀರಿನಲ್ಲಿ ಇವೆರಡನ್ನು ಮರೆತ ಇಂಜಿನ್ನಿಗೆ ಯಾವ ಫ್ಯಾನ್ ಹಾಕಿದರೂ ಹೆಚ್ಚು ದಿನ ಬಾಳುವುದಿಲ್ಲ.

ಗಂಗೊಳ್ಳಿಯ ಹುಡುಗ 25ರ ಆಸೆ ಪೂರ್ತಿ ಬಿಟ್ಟಿಲ್ಲ. ಸದ್ಯಕ್ಕೆ 8ರ ಫ್ಯಾನಿನಲ್ಲಿ ಓಡಿಸುತ್ತಿದ್ದಾನೆ. ಹಳೆಯ 9¾ ಅನ್ನು ಮಾರಬೇಡ ಎಂದು ಹೇಳಿದ್ದೆ. ಅದು ಈಗ ದೋಣಿಯ ಮೂತಿಯಲ್ಲಿ ಗೋಣಿಚೀಲದೊಳಗೆ ಇದೆ, ಜತೆಗೆ ಒಂದು ಪಾನಾ, ಒಂದು ನಟ್ಟು, ಮೂರು ಕಾಟರ್ ಪಿನ್ನು. ಬಲೆ ಸುತ್ತಿಕೊಂಡು ಫ್ಯಾನ್ ಹೋದ ದಿನ ಮನೆಗೆ ತಲುಪಿಸುವುದು ಆ ಚೀಲ.